ಸಣ್ಣ ಬಂದೂಕಿನ ಲಾರ್ಡ್ ರಾಬರ್ಟ್ಸ್

ಮಾನ್ವಿ ಇರಲಿ, ದೇವದುರ್ಗ ಇರಲಿ, ರಾಯಚೂರಿನ ಯಾವುದೇ ಓಣಿಯ ಉರುಸು-ಜಾತ್ರೆ ಇರಲಿ, ಮಿರ್ಚಿ ಅಂಗಡಿ ಪಕ್ಕದಲ್ಲಿ ಬಲೂನು ಹೊಡೆಯೋ ಬಂದೂಕಿನ ಅಂಗಡಿ ಒಂದು ಇದ್ದೇ ಇರುತ್ತೆ. ನಮ್ಮಲ್ಲಿ ಬಹಳ ಜನ ಬಂದೂಕು ಹೆಗಲಿಗೇರಿಸಿದ್ದು ಮೊದಲು ಅಲ್ಲೇ. ಆಮೇಲೆ ಎನ್‌ಸಿಸಿ ಸೇರಿದವರಿಗೆ ಕ್ಯಾಂಪಿನಲ್ಲಿ .22 ರೈಫಲ್ ಸಿಕ್ತು. ನೆಲದ ಮೇಲೆ ಬೋರಲು ಮಲಗಿ ಐದು ಗುಂಡು ಹೊಡೆದು ಬಂದವರು ವಾರಗಟ್ಟಲೆ ಹಾಸ್ಟೆಲಿನಲ್ಲಿ ಅದನ್ನೇ ಮಾತಾಡ್ತಾರೆ. ಆ ಮಾತು ಕಡೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: ಸುಮ್ಮನೆ ಗುರಿ ಹೊಡೆಯೋ ಹವ್ಯಾಸಕ್ಕೆ, ಕಡಿಮೆ ರೊಕ್ಕದಲ್ಲಿ, ಯಾವ ಬಂದೂಕು ತಗೋಬೇಕು?

ಈ ಪ್ರಶ್ನೆಯನ್ನು ಸರ್ಕಾರದ ಮಟ್ಟದಲ್ಲಿ, ಇಡೀ ದೇಶದ ಪ್ರಶ್ನೆ ಅಂತ ಎತ್ತಿದವರಲ್ಲಿ ದೊಡ್ಡ ಹೆಸರು ಒಬ್ಬ ಫೀಲ್ಡ್ ಮಾರ್ಷಲ್‌ನದು. ಫ್ರೆಡರಿಕ್ ರಾಬರ್ಟ್ಸ್. ಇಂಗ್ಲೆಂಡಿನ ಸಿಪಾಯಿಗಳ ಬಾಯಲ್ಲಿ ಬರೀ ಬಾಬ್ಸ್. ಹುಟ್ಟಿದ್ದು ನಮ್ಮ ದೇಶದಲ್ಲೇ, ಕಾನ್ಪುರದಲ್ಲಿ, 1832ರ ಸೆಪ್ಟೆಂಬರ್ 30ರಂದು. ಆತನ ಕಥೆಯನ್ನು ನಾವು ಇಲ್ಲಿ ಹೇಳ್ತಿರೋದು ಹೊಗಳೋದಕ್ಕಲ್ಲ. ಹೊಗಳೋಕೆ ಆಗದಂಥ ಸಂಗತಿಗಳೂ ಅದರಲ್ಲಿ ಸಾಕಷ್ಟಿವೆ, ಕೆಲವಂತೂ ನಮ್ಮ ಮನೆಬಾಗಿಲಿಗೇ ಬರ್ತವೆ. ಆದ್ರೂ ಅಗ್ಗದ ಸಣ್ಣ ರೈಫಲ್ ಅನ್ನೋ ವಸ್ತು ಯಾಕೆ ಹುಟ್ಟಿತು, ಯಾರಿಗೆ ಸಿಕ್ತು, ಯಾರಿಗೆ ಸಿಗಲಿಲ್ಲ ಅಂತ ತಿಳಿಯೋಕೆ ಈ ಮನುಷ್ಯನ ಜೀವನದಷ್ಟು ಸರಳ ದಾರಿ ಇನ್ನೊಂದಿಲ್ಲ.

ತಂದೆ ಅಬ್ರಹಾಂ ರಾಬರ್ಟ್ಸ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ದೊಡ್ಡ ಅಧಿಕಾರಿ. ಹುಡುಗ ಮಾತ್ರ ಕುಳ್ಳ, ಸಣಕಲ. ಕೂಸಿದ್ದಾಗ ಬಂದ ಜ್ವರದಿಂದ ಒಂದು ಕಣ್ಣಿನ ದೃಷ್ಟಿಯೂ ಹೆಚ್ಚುಕಡಿಮೆ ಹೋಗಿತ್ತು. ಗುರಿಕಾರರ ಚರಿತ್ರೆಯಲ್ಲಿ ಬರೋ ಮನುಷ್ಯನಿಗೆ ಇದು ಒಳ್ಳೆ ಶುರು ಅಲ್ಲ! ಈಟನ್, ಸ್ಯಾಂಡ್‌ಹರ್ಸ್ಟ್, ಅಡಿಸ್ಕಂಬ್ ಓದು ಮುಗಿಸಿ 1851ರಲ್ಲಿ ಬಂಗಾಳ ಫಿರಂಗಿ ದಳಕ್ಕೆ ಸೇರಿ, ಮುಂದಿನ ವರ್ಷ ಭಾರತಕ್ಕೆ ಬಂದ. 1857ರ ದಂಗೆಯಲ್ಲಿ ದೆಹಲಿ, ಲಖನೌ ಕಡೆ ಕಾದಾಡಿದ. 1858ರ ಜನವರಿ 2ರಂದು ಖುದಾಗಂಜ್ ಎಂಬಲ್ಲಿ ತೋರಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು.

ಆ ತಾರೀಖು ನೆನಪಿಡಿ. ಅದಕ್ಕೆ ಸರಿಯಾಗಿ ಮುಂದಿನ ತಿಂಗಳು, 1858ರ ಫೆಬ್ರವರಿಯಲ್ಲಿ, ನಮ್ಮ ಪಕ್ಕದ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ನಿಂತಿದ್ದ. ಅದಕ್ಕೂ ಮೂರು ತಿಂಗಳು ಮುಂಚೆ, 1857ರ ನವೆಂಬರಿನಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯಲ್ಲಿ ಬೇಡರು ಎದ್ದಿದ್ದರು. ಹಲಗಲಿಯ ಕಾರಣ ನಿಮಗೆಲ್ಲ ಗೊತ್ತೇ ಇದೆ, ಲಾವಣಿ ಕೇಳಿದವರಿಗೆ ಬೇರೆ ಹೇಳಬೇಕಿಲ್ಲ. ಹತಾರಗಳನ್ನು ಸರ್ಕಾರಕ್ಕೆ ಒಪ್ಪಿಸಿ ಅಂತ ಕಾಯ್ದೆ ಬಂತು, ಬೇಡರು ಒಪ್ಪಿಸಲಿಲ್ಲ, ಊರು ಸುಟ್ಟುಹೋಯಿತು, ಸಿಕ್ಕವರನ್ನು ಗಲ್ಲಿಗೇರಿಸಿದರು. ಬಂದೂಕು ಯಾರ ಕೈಯಲ್ಲಿ ಇರಬೇಕು ಅನ್ನೋದು ನಮ್ಮ ಸೀಮೆಯಲ್ಲಿ ಪುಸ್ತಕದ ಪ್ರಶ್ನೆ ಆಗಿರಲಿಲ್ಲ, ಜೀವದ ಪ್ರಶ್ನೆ ಆಗಿತ್ತು.

ರಾಬರ್ಟ್ಸ್‌ನ ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗ ದಾಟೋಣ. ಮದುವೆ, ಸಿಬ್ಬಂದಿ ಅಧಿಕಾರಿ ಕೆಲಸ, ಅಬಿಸೀನಿಯಾ ದಂಡಯಾತ್ರೆ, ಲುಷಾಯಿ ಬೆಟ್ಟಗಳ ದಂಡಯಾತ್ರೆ. ಬಹುಪಾಲು ಸಾಮಾನು, ಒಂಟೆ, ಎತ್ತು, ರಸದಿನ ಲೆಕ್ಕ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಲಾಜಿಸ್ಟಿಕ್ಸ್ ಮನುಷ್ಯ. ಹೆಸರು ಬಂದಿದ್ದು ಎರಡನೇ ಅಫ್ಘಾನ್ ಯುದ್ಧದಲ್ಲಿ. 1879ರ ಸೆಪ್ಟೆಂಬರಿನಲ್ಲಿ ಕಾಬೂಲಿನಲ್ಲಿ ಬ್ರಿಟಿಷ್ ಪ್ರತಿನಿಧಿಯ ಕೊಲೆಯಾಯಿತು. ರಾಬರ್ಟ್ಸ್ ಕಾಬೂಲಿಗೆ ನುಗ್ಗಿ ಹತ್ತಾರು ಜನರನ್ನು ಗಲ್ಲಿಗೇರಿಸಿದ. ಅದಕ್ಕೆ ಇಂಗ್ಲೆಂಡಿನಲ್ಲೇ ಟೀಕೆ ಬಂತು. ಮರುವರ್ಷ ಆಗಸ್ಟಿನಲ್ಲಿ ಹತ್ತು ಸಾವಿರದಷ್ಟು ಸೈನಿಕರನ್ನು ಕರಕೊಂಡು ಕಾಬೂಲಿನಿಂದ ಕಂದಹಾರಕ್ಕೆ ಐನೂರು ಕಿಲೋಮೀಟರಿನಷ್ಟು ದೂರವನ್ನು ಮೂರು ವಾರದಲ್ಲಿ ನಡೆದ. ಸೆಪ್ಟೆಂಬರ್ 1ಕ್ಕೆ ಅಲ್ಲಿ ಗೆದ್ದ. ಆ ನಡಿಗೆಯೇ ಆತನನ್ನು ಇಂಗ್ಲೆಂಡಿನ ಮನೆಮಾತು ಮಾಡಿತು.

ನಮಗೆ ಬೇಕಾದ ಭಾಗ ಇಲ್ಲಿಂದ ಶುರು. 1881ರ ಕೊನೆಗೆ ಆತ ಮದ್ರಾಸ್ ಸೇನೆಯ ದಂಡನಾಯಕನಾಗಿ ಬಂದ. ಬಳ್ಳಾರಿ, ಬೆಂಗಳೂರು, ಸಿಕಂದರಾಬಾದಿನ ದಂಡು ಪ್ರದೇಶಗಳೆಲ್ಲ ಆ ಸೇನೆಯ ನೆಲೆಗಳು. ಮುಂಬೈ ಕಡೆಯ ಜಿಐಪಿ ರೈಲು ಮಾರ್ಗ ಮತ್ತು ಮದ್ರಾಸ್ ರೈಲು ಮಾರ್ಗ ಒಂದಕ್ಕೊಂದು ಕೂಡಿದ್ದೇ ನಮ್ಮ ರಾಯಚೂರಿನಲ್ಲಿ, 1871ರಲ್ಲಿ. ಅಂದ್ರೆ ಆಗ ಈ ಊರು ಎರಡು ಪ್ರಾಂತ್ಯಗಳ ನಡುವಿನ ಕೊಂಡಿ. ನಿಜಾಮರ ಆಳ್ವಿಕೆಯಲ್ಲಿದ್ದರೂ ಸುತ್ತಲೂ ಬ್ರಿಟಿಷ್ ದಂಡು.

ಮದ್ರಾಸ್ ಸೇನೆಯಲ್ಲಿ ಆತ ಹಿಡಿದ ದೊಡ್ಡ ಕೆಲಸ ಗುರಿ ಅಭ್ಯಾಸ. ಸಿಪಾಯಿಗಳು ಸಾಲಾಗಿ ನಿಂತು, ಹುಕುಂ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಗುಂಡು ಹಾರಿಸೋ ಪದ್ಧತಿ ಅಲ್ಲಿವರೆಗೂ ಇತ್ತು. ಹಿಂದಿನಿಂದ ತುಂಬುವ, ದೂರ ಹೊಡೆಯುವ ರೈಫಲ್ ಬಂದ ಮೇಲೆ ಅದರಿಂದ ಪ್ರಯೋಜನ ಇಲ್ಲ, ಒಬ್ಬೊಬ್ಬನೂ ಸ್ವತಂತ್ರವಾಗಿ ಗುರಿ ಹಿಡಿಯೋಕೆ ಕಲಿಯಬೇಕು ಅನ್ನೋದು ಆತನ ಹಟ. ಇಯಾನ್ ಹ್ಯಾಮಿಲ್ಟನ್ ಎಂಬ ಗುರಿ ಹುಚ್ಚಿನ ತರುಣ ಅಧಿಕಾರಿಯನ್ನು ತನ್ನ ಆಪ್ತ ಸಿಬ್ಬಂದಿಗೆ ಸೇರಿಸಿಕೊಂಡ. ಸ್ಪರ್ಧೆಗಳಿಗೆ ಒತ್ತು ಕೊಟ್ಟ, ತಾನೂ ಅಭ್ಯಾಸಕ್ಕೆ ಇಳಿದ.

ಆದ್ರೆ ಅದೇ ಕಾಲದಲ್ಲಿ ಆತ ಇನ್ನೊಂದು ತೀರ್ಮಾನಕ್ಕೂ ಬಂದ: ದಕ್ಷಿಣದ ಜನ ಯುದ್ಧಕ್ಕೆ ಲಾಯಕ್ಕಲ್ಲ, ಸೇನೆಗೆ ಸಿಖ್, ಗೂರ್ಖಾ, ಡೋಗ್ರಾ, ಪಠಾಣರೇ ಬೇಕು. 1885ರಲ್ಲಿ ಇಡೀ ಭಾರತದ ದಂಡನಾಯಕನಾದ ಮೇಲೆ ಇದನ್ನೇ ನೀತಿ ಮಾಡಿ ನಡೆಸಿದ. ಮದ್ರಾಸಿನ ಪಲ್ಟನ್‌ಗಳು ಕಡಿಮೆಯಾಗ್ತಾ ಬಂದವು, ಕೆಲವನ್ನು ಹೆಸರಿಗಷ್ಟೇ ಉಳಿಸಿ ಒಳಗೆ ಉತ್ತರದ ಜನರನ್ನು ತುಂಬಿದರು.

ಇದನ್ನು ಓದಿದಾಗ ನಮಗೆ ನಗು ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ. ರಾಯಚೂರು ಕೋಟೆಯ ಎದುರು 1520ರಲ್ಲೇ ಬಂದೂಕು ಸಿಡಿದಿತ್ತು. ಕೃಷ್ಣದೇವರಾಯನ ಕಡೆ ಬಂದಿದ್ದ ಪೋರ್ಚುಗೀಸ್ ಬಂದೂಕುಗಾರರು ಗೋಡೆ ಮೇಲಿನ ಕಾವಲುಗಾರರನ್ನು ದೂರದಿಂದಲೇ ಹೊಡೆದರು, ಆ ಸಂದಿಯಲ್ಲಿ ಕೆಳಗಿನವರು ಗೋಡೆ ಕೆಡವಿದರು. ಅದಾದ ಮೇಲೆ ಈ ಸೀಮೆಯ ಜನ ಬಂದೂಕನ್ನು ತಮ್ಮದೇ ಮಾಡಿಕೊಂಡರು. ಸುರಪುರ, ದೇವದುರ್ಗ ಕಡೆಯ ಬೇಡ ನಾಯಕರ ಜನ ಬತ್ತಿ ಹಚ್ಚಿ ಹಾರಿಸೋ ಬಂದೂಕಿನಲ್ಲಿ ಎಷ್ಟು ಗಟ್ಟಿಗರು ಅಂದ್ರೆ, ಅವರನ್ನು ಬಗ್ಗಿಸೋಕೆ 1705ರಲ್ಲಿ ಮುದುಕ ಔರಂಗಜೇಬ ತಾನೇ ವಾಗಿನಗೇರಾಕ್ಕೆ ಬರಬೇಕಾಯಿತು. ಫೆಬ್ರವರಿಯಿಂದ ಏಪ್ರಿಲ್ ತನಕ ಮುತ್ತಿಗೆ. ಕೋಟೆ ಬಿತ್ತು, ಪಿಡ್ಡ ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಇಂಥ ಜನರ ಮೊಮ್ಮಕ್ಕಳ ಕೈಯಿಂದ ಕಾಯ್ದೆ ಮಾಡಿ ಬಂದೂಕು ಕಸಿದು, ಆಮೇಲೆ ಬಂದು, ಇವರಿಗೆ ಹೊಡೆಯೋಕೆ ಬರಲ್ಲ ಅಂದ್ರೆ ಏನು ಹೇಳೋದು?

ಕಾಯ್ದೆ ಅಂದ್ರೆ 1878ರ ಶಸ್ತ್ರಾಸ್ತ್ರ ಕಾಯ್ದೆ. ವೈಸ್‌ರಾಯ್ ಲಿಟ್ಟನ್ ಕಾಲದ್ದು. ಬ್ರಿಟಿಷ್ ಭಾರತದಲ್ಲಿ ಭಾರತೀಯರು ಬಂದೂಕು ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಕೊಡವರಿಗೆ ವಿನಾಯಿತಿ ಇತ್ತು, ಅದು 1861ರಿಂದಲೇ ಬಂದದ್ದು. ಉಳಿದವರಿಗೆ ಗುರಿ ಅಭ್ಯಾಸ ಹೋಗಲಿ, ಮನೆಯ ಹಳೇ ಬಂದೂಕು ಉಳಿಸಿಕೊಳ್ಳೋದೇ ಕಷ್ಟ.

ಇದೇ ವರ್ಷಗಳಲ್ಲಿ, ನೈನಿತಾಲಿನಲ್ಲಿ, ಹತ್ತು ವರ್ಷದ ಒಬ್ಬ ಬಿಳಿ ಹುಡುಗನ ಗುರಿಗಾರಿಕೆ ನೋಡಿ ರಾಬರ್ಟ್ಸ್ ಮತ್ತು ಜೊತೆಗಿದ್ದ ಗಣ್ಯರು ಮೆಚ್ಚಿದರು. ಹುಡುಗನಿಗೆ ಸೇನೆಯ ಮಾರ್ಟಿನಿ ರೈಫಲ್ ಎರವಲು ಸಿಕ್ತು. ಸ್ವಲ್ಪ ದಿನಕ್ಕೇ ಅವನು ಮೊದಲ ಚಿರತೆ ಹೊಡೆದ. ಹುಡುಗನ ಹೆಸರು ಜಿಮ್ ಕಾರ್ಬೆಟ್. ತೇಜಸ್ವಿಯವರ ಕೃಪೆಯಿಂದ ಕನ್ನಡ ಓದುಗರಿಗೆಲ್ಲ ಪರಿಚಯ ಇರೋ ಅದೇ ಕಾರ್ಬೆಟ್. ಅಂಥ ಎರವಲು ರೈಫಲ್ ದೇವದುರ್ಗದ ಬೇಡರ ಹುಡುಗನಿಗೆ ಸಿಗೋ ದಾರಿ ಇರಲಿಲ್ಲ.

ರಾಬರ್ಟ್ಸ್ 1893ರಲ್ಲಿ ಭಾರತ ಬಿಟ್ಟ. 1897ರಲ್ಲಿ ತನ್ನ ನಲವತ್ತೊಂದು ವರ್ಷಗಳ ಭಾರತದ ನೆನಪುಗಳನ್ನು ಎರಡು ಸಂಪುಟದಲ್ಲಿ ಪ್ರಕಟಿಸಿದ. ಐರ್ಲೆಂಡಿನಲ್ಲಿ ದಂಡನಾಯಕನಾಗಿ, ಫೀಲ್ಡ್ ಮಾರ್ಷಲ್ ಆಗಿ, ಇನ್ನೇನು ಮನೆ ಸೇರೋ ವಯಸ್ಸು. ಆಗ ಬಂತು ಬೋಯರ್ ಯುದ್ಧ.

1899ರ ಡಿಸೆಂಬರಿನ ಒಂದೇ ವಾರದಲ್ಲಿ ಬ್ರಿಟಿಷ್ ಸೇನೆ ದಕ್ಷಿಣ ಆಫ್ರಿಕಾದಲ್ಲಿ ಮೂರು ಕಡೆ ಸೋತಿತು. ಎದುರಿಗಿದ್ದವರು ರೈತರು! ಸಣ್ಣಂದಿನಿಂದ ಬೇಟೆಯಾಡಿ ಬೆಳೆದವರು, ಕೈಯಲ್ಲಿ 7 ಮಿಲಿಮೀಟರಿನ ಮೌಸರ್ ರೈಫಲ್, ಹೊಗೆ ಬಾರದ ಮದ್ದು. ಬಂಡೆ ಹಿಂದೆ ಕೂತು ಒಂದೊಂದೇ ಗುಂಡು ಹೊಡೀತಿದ್ದರು, ಎಲ್ಲಿಂದ ಅಂತ ಕಾಣ್ತಿರಲಿಲ್ಲ. ಲಂಡನ್ನಿನ ಓಣಿಗಳಿಂದ, ಮ್ಯಾಂಚೆಸ್ಟರಿನ ಗಿರಣಿಗಳಿಂದ ಬಂದ ಸಿಪಾಯಿ ಸೇನೆ ಸೇರೋಕೆ ಮುಂಚೆ ಬಂದೂಕು ಮುಟ್ಟಿದವನೇ ಅಲ್ಲ. ಡಿಸೆಂಬರ್ 15ರ ಕೊಲೆನ್ಸೋ ಕಾಳಗದಲ್ಲಿ ಫಿರಂಗಿಗಳನ್ನು ಉಳಿಸೋಕೆ ಮುಂದೆ ಹೋದವರಲ್ಲಿ ರಾಬರ್ಟ್ಸ್‌ನ ಒಬ್ಬನೇ ಉಳಿದ ಮಗ ಫ್ರೆಡ್ಡಿ ಇದ್ದ. ಎರಡು ದಿನಕ್ಕೆ ಸತ್ತ. ಅಪ್ಪನಿಗಿದ್ದ ವಿಕ್ಟೋರಿಯಾ ಕ್ರಾಸ್ ಮಗನಿಗೂ ಬಂತು, ಸತ್ತ ಮೇಲೆ.

ಅದೇ ಹೊತ್ತಿಗೆ 67ರ ಮುದುಕನಿಗೆ ಹುಕುಂ ಬಂತು, ಹೋಗಿ ಆ ಯುದ್ಧ ನಡೆಸು ಅಂತ. ಹೋದ. 1900ರ ಮಾರ್ಚಿನಲ್ಲಿ ಬ್ಲೂಮ್‌ಫಾಂಟೀನ್, ಜೂನ್ 5ಕ್ಕೆ ಪ್ರಿಟೋರಿಯಾ ಹಿಡಿದ. ಬೋಯರ್ ರೈತರ ಮನೆ, ಹೊಲ ಸುಡೋ ಕ್ರಮ ಶುರುವಾಗಿದ್ದೂ ಆತನ ಕೈಯಲ್ಲೇ. ಮಗನನ್ನು ಕಳಕೊಂಡ ಅಪ್ಪ ಅಂತ ಮರುಕಪಡುವಾಗ ಇದನ್ನೂ ಪಕ್ಕಕ್ಕೆ ಇಟ್ಟುಕೊಳ್ಳಬೇಕು.

ಇಂಗ್ಲೆಂಡಿಗೆ ವಾಪಸ್ ಬಂದ ಆತ 1901ರಿಂದ 1904ರವರೆಗೆ ಬ್ರಿಟಿಷ್ ಸೇನೆಯ ದಂಡನಾಯಕ. ಇಷ್ಟರಲ್ಲಿ ಆ ದೇಶದಲ್ಲಿ ಒಂದು ಹೊಸ ಸಂಘ ಹುಟ್ಟಿತ್ತು. ಮೇಜರ್ ಜನರಲ್ ಲುವಾರ್ಡ್ ಎಂಬಾತನ ಮುತುವರ್ಜಿಯಿಂದ 1901ರ ಮಾರ್ಚಿನಲ್ಲಿ ಶುರುವಾದ ಕೆಲಸಗಾರರ ರೈಫಲ್ ಕ್ಲಬ್‌ಗಳ ಸಂಘ. 1903ರಲ್ಲಿ ಅದು ಮಿನಿಯೇಚರ್ ರೈಫಲ್ ಕ್ಲಬ್‌ಗಳ ಸಂಘ ಆಯಿತು. ಅಧ್ಯಕ್ಷ ರಾಬರ್ಟ್ಸ್. ಸೇನೆಯಿಂದ ನಿವೃತ್ತನಾದ ಮೇಲೆ ಆತ ಊರೂರು ತಿರುಗಿ ಹೇಳಿದ್ದು ಎರಡೇ ಮಾತು. ಒಂದು, ಪ್ರತಿ ಯುವಕನಿಗೂ ಕಡ್ಡಾಯ ಸೈನಿಕ ತರಬೇತಿ. ಅದನ್ನು ದೇಶ ಒಪ್ಪಲಿಲ್ಲ. ಎರಡು, ಪ್ರತಿ ಊರಿಗೂ ರೈಫಲ್ ಕ್ಲಬ್. ಅದನ್ನು ಒಪ್ಪಿತು.

ಯಾಕೆ ಒಪ್ಪಿತು ಅನ್ನೋದು ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ ಅರ್ಥವಾಗೋ ವಿಷಯ. ಸೇನೆಯ .303 ರೈಫಲ್ಲಿನ ಗುಂಡಿಗೆ ಎರಡೂವರೆ ಸಾವಿರ ಜೂಲ್‌ಗೂ ಹೆಚ್ಚು ಶಕ್ತಿ. ಅದನ್ನು ಹೊಡೆಯೋಕೆ ನೂರಾರು ಮೀಟರ್ ಬಯಲು, ಹಿಂದೆ ಮಣ್ಣಿನ ದಿಬ್ಬ, ಊರಿಂದ ದೂರ ಹೋಗೋಕೆ ರೈಲು ಖರ್ಚು, ತೋಟಾಗೆ ಬೇರೆ ದುಡ್ಡು. ವಾರಕ್ಕೊಂದು ರಜೆ ಇರೋ ಗಿರಣಿ ಕೆಲಸಗಾರ ಎಲ್ಲಿಂದ ತರಬೇಕು? ಅದೇ .22 ರಿಮ್‌ಫೈರ್ ತೋಟಾ ನೋಡಿ. 2.6 ಗ್ರಾಮಿನ ಸೀಸ, ಸೆಕೆಂಡಿಗೆ 330 ಮೀಟರಿನ ಹತ್ತಿರ ವೇಗ. ಅರ್ಧ ಎಂ ವಿ ಸ್ಕ್ವೇರ್ ಹಾಕಿದ್ರೆ 140 ಜೂಲ್ ಬರುತ್ತೆ. ಕಿಡಿ ಹೊತ್ತಿಸೋ ಮದ್ದು ತೋಟಾದ ಹಿಂಬದಿಯ ಅಂಚಿನ ಮಡಿಕೆಯಲ್ಲೇ ಕೂತಿರೋದರಿಂದ ಬೇರೆ ಟೋಪಿ ಬೇಡ, ತಯಾರಿಕೆ ಸುಲಭ, ಅಗ್ಗ. ಇಪ್ಪತ್ತೈದು ಗಜದ ಉದ್ದ ಸಿಕ್ಕರೆ ಸಾಕು, ಚರ್ಚಿನ ಸಭಾಂಗಣವೋ, ಗಿರಣಿಯ ಗೋದಾಮೋ, ಕಬ್ಬಿಣದ ತಗಡು ನಿಲ್ಲಿಸಿ ಶುರು ಮಾಡಬಹುದು. ರೈಫಲ್ಲಿಗೂ ಹೊಸ ವಿನ್ಯಾಸ ಹುಡುಕಬೇಕಿರಲಿಲ್ಲ. ಸೇನೆ ಬಿಟ್ಟುಹಾಕಿದ್ದ ಹಳೇ ಮಾರ್ಟಿನಿಗಳ ನಳಿಗೆಯೊಳಗೆ ಸಣ್ಣ ಕೊಳವೆ ಕೂರಿಸಿ .22ಕ್ಕೆ ಬದಲಾಯಿಸಿದರು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಾರ್ಖಾನೆ ಹೊಸ ಅಗ್ಗದ ಮಾದರಿಗಳನ್ನೂ ತಂತು, ಜೊತೆಗೆ 1905ರಿಂದ ಗಾಳಿ ಬಂದೂಕನ್ನೂ.

ಆ ಕ್ಲಬ್‌ಗಳು ಹಿಡಿದ ಲೆಕ್ಕ ನಮಗೆ ಬಾಳ ಮೆಚ್ಚುಗೆ. ಬಂದೂಕಿನ ಬೆಲೆ ಒಂದು ಸಲ ಕೊಡೋದು, ಅದನ್ನು ಕ್ಲಬ್ಬಿನ ಇಪ್ಪತ್ತು ಜನ ಹಂಚಿಕೊಳ್ಳಬಹುದು. ಪ್ರತಿ ಗುಂಡಿನ ಬೆಲೆ ಜೀವನಪೂರ್ತಿ ಕೊಡ್ತಾ ಇರಬೇಕು. ಗುರಿ ಕೂಡೋದು ಸಾವಿರಾರು ಗುಂಡಿನ ನಂತರ. ಹಂಗಾಗಿ ಅಗ್ಗ ಮಾಡಬೇಕಿರೋದು ಮೊದಲು ಗುಂಡನ್ನ, ಆಮೇಲೆ ಬಂದೂಕನ್ನ. 1908ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಸಣ್ಣ ಬೋರಿನ ರೈಫಲ್‌ಗೆ ಪ್ರತ್ಯೇಕ ಸ್ಪರ್ಧೆಗಳೇ ಇದ್ದವು.

ಹಾಸ್ಟೆಲಿನ ಪ್ರಶ್ನೆಗೂ ಈ ಲೆಕ್ಕವೇ ಉತ್ತರ. .22 ಇವತ್ತಿಗೂ ಲೈಸೆನ್ಸಿನ ವಸ್ತು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಆಮೇಲೆ ತೋಟಾಕ್ಕೂ ಮಿತಿ. ವಿದ್ಯಾರ್ಥಿಗೆ ಅದು ಎನ್‌ಸಿಸಿಯಲ್ಲೋ ರೈಫಲ್ ಅಸೋಸಿಯೇಷನ್ನಿನ ರೇಂಜಿನಲ್ಲೋ ಸಿಕ್ಕರೆ ಚೆಂದ. ಸ್ವಂತಕ್ಕೆ ಅಂದ್ರೆ .177, ಅಂದ್ರೆ 4.5 ಮಿಲಿಮೀಟರ್ ಬೋರಿನ ಗಾಳಿ ಬಂದೂಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರು ಅಷ್ಟರೊಳಗೆ, ಶಕ್ತಿ 20 ಜೂಲಿನೊಳಗೆ ಇದ್ದರೆ ಲೈಸೆನ್ಸ್ ಬೇಡ. ಅಂಗಡಿಯವರು ಜೋರು ಶಕ್ತಿಯ ಮಾದರಿಯನ್ನೇ ಮುಂದೆ ತಳ್ತಾರೆ, ಮರುಳಾಗಬೇಡಿ. ಒಲಿಂಪಿಕ್ಸಿನ ಹತ್ತು ಮೀಟರ್ ಸ್ಪರ್ಧೆಯ ಬಂದೂಕುಗಳ ಶಕ್ತಿ ಏಳೆಂಟು ಜೂಲ್ ಮಾತ್ರ, ಹೊಡೆಯೋ ನಡುಬಿಂದುವಿನ ಅಗಲ ಅರ್ಧ ಮಿಲಿಮೀಟರ್. ಸ್ಪ್ರಿಂಗಿನ ಬಂದೂಕಲ್ಲಿ ಶಕ್ತಿ ಹೆಚ್ಚಿದಷ್ಟೂ ಒದೆ ಹೆಚ್ಚು, ಗುರಿ ಕಲಿಯೋದು ನಿಧಾನ. ನಳಿಗೆ ಮಡಿಸಿ ತುಂಬೋ ಸಾದಾ ಸ್ಪ್ರಿಂಗ್ ಬಂದೂಕು, ಕಬ್ಬಿಣದ ಸಾದಾ ಸೈಟು, ಒಂದೇ ಥರದ ಪೆಲೆಟ್ಟಿನ ಡಬ್ಬಿ ಸಾಕು. ದುರ್ಬೀನಿಗೆ ಹಾಕೋ ರೊಕ್ಕ ಪೆಲೆಟ್ಟಿಗೆ ಹಾಕಿ. ನಾಲ್ಕು ಜನ ಕೂಡಿ ಒಂದು ತಗೊಂಡರೂ ಆಯಿತು. ಹಿಂದೆ ದಪ್ಪ ಮರಳಿನ ಚೀಲವೋ ಮಣ್ಣಿನ ಗೋಡೆಯೋ ಇರಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಹಾಸ್ಟೆಲಿನ ವರಾಂಡ ಹತ್ತು ಮೀಟರ್ ಇದೆ ಅಂತ ಅಲ್ಲಿ ನಿಲ್ಲಬೇಡಿ. ಹಕ್ಕಿಗೆ, ನಾಯಿಗೆ ಹೊಡೆಯೋದಂತೂ ಕೇಳಲೇಬೇಡಿ, ಅದು ಅಪರಾಧ.

ಮತ್ತೆ ರಾಬರ್ಟ್ಸ್‌ಗೆ ಬರೋಣ. ಆತನ ಈ ಕೊನೆಯ ಹತ್ತು ವರ್ಷ ನೋಡಿದರೆ ಒಂದು ಮುಳ್ಳು ಚುಚ್ಚುತ್ತೆ. ಇಂಗ್ಲೆಂಡಿನ ಬಡ ಕೆಲಸಗಾರನಿಗೆ ಅಗ್ಗದ ಬಂದೂಕು, ಅಗ್ಗದ ಗುಂಡು, ಮನೆ ಹತ್ತಿರದ ರೇಂಜು ಬೇಕು, ಇಲ್ಲದಿದ್ದರೆ ಅವನಿಗೆ ಗುರಿ ಬರೋದಿಲ್ಲ ಅಂತ ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವನು ಆತ. ಲಂಡನ್ನಿನ ಹುಡುಗನಿಗೆ ಹೊಡೆಯೋಕೆ ಬರದಿದ್ದರೆ ಅದು ಅಭ್ಯಾಸದ ಕೊರತೆ, ಬಳ್ಳಾರಿ ಕಡೆಯ ಸಿಪಾಯಿಗೆ ಬರದಿದ್ದರೆ ಅದು ರಕ್ತದ ಕೊರತೆ. ಈ ಎರಡು ಅಳತೆಗೋಲುಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡೇ ಆತ ಬದುಕಿದ. ಆ ಕಾಲದ ಸಾಹೇಬರೆಲ್ಲ ಹಂಗೇ ಇದ್ದರು ಅಂತ ಬಿಟ್ಟುಬಿಡಬಹುದು. ಆದ್ರೆ ಎಲ್ಲರಿಗೂ ಬಂದೂಕಿನ ಲೆಕ್ಕ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ, ಆತನಿಗೆ ಗೊತ್ತಿತ್ತು. ಅದಕ್ಕೇ ನಾವು ಬಿಡೋದಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾದಾಗ ಆತನಿಗೆ 82 ದಾಟುತ್ತಿತ್ತು. ಭಾರತದಿಂದ ಬಂದ ಪಲ್ಟನ್‌ಗಳು ಫ್ರಾನ್ಸಿನ ಕೆಸರಿನಲ್ಲಿ, ಅವರು ಕಂಡರಿಯದ ಚಳಿಯಲ್ಲಿ ನಿಂತಿದ್ದವು. ಅವರನ್ನು ನೋಡಲೇಬೇಕು ಅಂತ ನವೆಂಬರಿನಲ್ಲಿ ಕಡಲು ದಾಟಿ ಹೋದ. ಅಲ್ಲೇ ನ್ಯುಮೋನಿಯಾ ಹಿಡಿದು, ನವೆಂಬರ್ 14ರಂದು ಸೇಂಟ್ ಓಮರ್ ಊರಿನಲ್ಲಿ ತೀರಿಕೊಂಡ. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ಮಣ್ಣು ಮಾಡಿದರು.

ಆತ ಅಧ್ಯಕ್ಷನಾಗಿದ್ದ ಸಂಘ ಇನ್ನೂ ಇದೆ. 1947ರಲ್ಲಿ ಮಿನಿಯೇಚರ್ ಅನ್ನೋ ಪದ ಕೈಬಿಟ್ಟು ರಾಷ್ಟ್ರೀಯ ಸ್ಮಾಲ್‌ಬೋರ್ ರೈಫಲ್ ಸಂಘ ಅಂತ ಹೆಸರು ಬದಲಾಯಿಸಿಕೊಂಡಿತು. ಅದರ ಮರುವರ್ಷ, 1948ರಲ್ಲಿ, ನಮ್ಮಲ್ಲಿ ಎನ್‌ಸಿಸಿ ಕಾಯ್ದೆ ಬಂತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ .22 ರೈಫಲ್ಲಿನ ಐವತ್ತು ಮೀಟರ್ ಮೂರು ಭಂಗಿಯ ಕಂಚು ಗೆದ್ದದ್ದು ನಮ್ಮ ಗಡಿಯಾಚೆಯ ಕೊಲ್ಹಾಪುರ ಕಡೆಯ, ರೈಲ್ವೆ ನೌಕರಿಯ ಸ್ವಪ್ನಿಲ್ ಕುಸಾಳೆ.